ಅವರೆಗೊಂದು ತಿಂಗಳಿತ್ತು

ಹೋದ ವಾರ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗಿದ್ದೆ. ಎಂದಿನಂತೆ ಜನಜಾತ್ರೆ. ಯಂತ್ರಗಳು, ಕುರಿ, ಕೋಳಿ ಎಲ್ಲಾ ನೋಡ್ಕೊಂಡು ಬೆಳೆ ತಾಕುಗಳ ಕಡೆ ಬಂದಾಗ ಹೆಬ್ಬಾಳ ಅವರೆ-4 ನಿಂತಿತ್ತು. ಮೊಣಕಾಲೆತ್ತರದ ಗಿಡ, ಎಲೆ ಮೇಲೆ ಎದ್ದು ನಿಂತ ಗೊಂಚಲು. ಪಕ್ಕದಲ್ಲಿ ಒಬ್ಬ ಹುಡುಗ, ಸಾಫ್ಟ್‌ವೇರ್ ಕೆಲಸವಂತೆ, ಸಹಕಾರನಗರದ ಮನೆ ಟೆರೇಸ್ ಮೇಲೆ ತರಕಾರಿ ಬೆಳೀತಾನಂತೆ. "ಅವರೆಕಾಯಿ ಈಗ ವರ್ಷಪೂರ್ತಿ ಸಿಗುತ್ತಲ್ಲ ಸಾರ್, ಮತ್ಯಾಕೆ ಡಿಸೆಂಬರ್ ಬಂದ್ರೆ ನಮ್ಮಮ್ಮ ಅಷ್ಟು ಸಂಭ್ರಮ ಪಡ್ತಾರೆ?" ಅಂತ ಕೇಳಿದ. ಉತ್ತರ ಶುರು ಮಾಡಿದೆ. ಅಷ್ಟರಲ್ಲಿ ಅವನ ಫೋನ್ ಬಂತು, ಹೋದ. ಹೇಳೋದು ನನ್ನ ಬಾಯಲ್ಲೇ ಉಳೀತು. ಅದನ್ನ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಮ್ಮೂರು ಯಲಹಂಕದಿಂದ ದೊಡ್ಡಬಳ್ಳಾಪುರ ರಸ್ತೇಲಿ ರಾಜಾನುಕುಂಟೆ ದಾಟಿ ಒಳಗೆ. ನಾನು ಚಿಕ್ಕವನಿದ್ದಾಗ ಮಾರ್ಗಶಿರ ಬಂತು ಅಂದ್ರೆ ಸಾಯಂಕಾಲ ದೀಪ ಹಚ್ಚಿದ ಮೇಲೆ ನಡುಮನೇಲಿ ಗೋಣಿಚೀಲ ಹಾಸಿ ಅವರೆಕಾಯಿ ಸುರೀತಿದ್ರು. ಅಜ್ಜಿ, ಅವ್ವ, ಅಕ್ಕ, ನಾನು, ಕೆಲವೊಮ್ಮೆ ಪಕ್ಕದ ಮನೆಯವರೂ ಸುತ್ತ ಕೂತು ಬಿಡಿಸೋದು. ಕಾಯಿ ಸಿಪ್ಪೆ ಮೇಲೆ ಒಂಥರಾ ಜಿಡ್ಡು. ಅದು ಬೆರಳಿಗೆ ಹತ್ತಿ ಕಪ್ಪಾಗೋದು, ಸೋಪು ಹಾಕಿ ತೊಳೆದರೂ ವಾಸನೆ ಹೋಗ್ತಿರ್ಲಿಲ್ಲ. ಅದೇ ಸೊಗಡು. ಮಾರನೇ ದಿನ ಇಸ್ಕೂಲಲ್ಲಿ ಪಕ್ಕದೋನ ಕೈ ಮೂಸಿದ್ರೆ ಅವರ ಮನೇಲಿ ರಾತ್ರಿ ಏನು ನಡೀತು ಅಂತ ಗೊತ್ತಾಗ್ತಿತ್ತು.

ಎರಡೂವರೆ ಕೆ.ಜಿ. ಕಾಯಿ ಬಿಡಿಸಿದ್ರೆ ಹೆಚ್ಚುಕಮ್ಮಿ ಒಂದು ಕೆ.ಜಿ. ಕಾಳು. ಅದನ್ನ ರಾತ್ರಿ ನೆನೆಹಾಕಿ ಬೆಳಿಗ್ಗೆ ಒಂದೊಂದೇ ಕಾಳನ್ನ ಹೆಬ್ಬೆಟ್ಟು ತೋರುಬೆರಳಿನ ಮಧ್ಯೆ ಹಿಡಿದು ಹಿಸುಕಿದ್ರೆ ಬೇಳೆ ಪುಟಕ್ ಅಂತ ಹಾರಿ ಪಾತ್ರೆಗೆ ಬೀಳುತ್ತೆ. ಹಿತಕಿದ ಬೇಳೆ, ನಮ್ಮ ಬಾಯಲ್ಲಿ ಇದುಕುಬೇಳೆ. ಸಿಪ್ಪೆ ಹಸುವಿಗೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯ, ಒಣಮೆಣಸಿನಕಾಯಿ ಹುರಿದು, ಚಕ್ಕೆ ಲವಂಗ ಒಂದೊಂದೇ ಹಾಕಿ, ತೆಂಗಿನಕಾಯಿ ಜೊತೆ ಒಳಕಲ್ಲಲ್ಲಿ ರುಬ್ಬಿ, ಒಗ್ಗರಣೇಲಿ ಬೇಳೆ ಬಾಡಿಸಿ ಆಮೇಲೆ ಮಸಾಲೆ ಬಿಡೋದು. ನಾಲ್ಕು ಜನ ಒಂದೂವರೆ ಗಂಟೆ ಕೂತು ಹಿಸುಕಿದ್ದು ಹತ್ತು ನಿಮಿಷದಲ್ಲಿ ಮುದ್ದೆ ಜೊತೆ ಒಳಗೆ ಹೋಗಿರೋದು.

ಆ ಮುದ್ದೆಗೂ ಈ ಸಾರಿಗೂ ಒಂದೇ ಹೊಲ. ಇದನ್ನ ಪೇಟೆಯವರು ಗಮನಿಸಿರಲ್ಲ. ಪುನರ್ವಸು, ಪುಷ್ಯ ಮಳೇಲಿ ಕೂರಿಗೆ ಕಟ್ಟಿ ರಾಗಿ ಬಿತ್ತುವಾಗ ಎಂಟು ಹತ್ತು ಸಾಲಿಗೊಂದು ಅಕ್ಕಡಿ ಸಾಲು ಬಿಡ್ತಿದ್ರು. ಕೂರಿಗೆ ಹಿಂದೆ ಸಡ್ಡೆ ಹಿಡ್ಕೊಂಡು ನಡೆಯೋ ಹೆಂಗಸು ಆ ಸಾಲಿಗೆ ಅವರೆ ಬಿಡೋಳು, ಮಧ್ಯೆ ಒಂದಿಷ್ಟು ತೊಗರಿ, ಜೋಳ, ಅಂಚಲ್ಲಿ ಹುಚ್ಚೆಳ್ಳು, ಸಾಸಿವೆ. ರಾಗಿ ಬೆಳೆಯೋವರೆಗೂ ಅವರೆ ಸುಮ್ನೆ ಅದರ ಸಂದೀಲಿ ಬಳ್ಳಿ ಬಿಟ್ಕೊಂಡು ಇರುತ್ತೆ. ರಾಗಿ ಕುಯ್ದ ಮೇಲೆ ಅದಕ್ಕೆ ಬಿಸಿಲು, ಜಾಗ ಎಲ್ಲಾ ಸಿಗುತ್ತೆ. ಮಳೆ ಮುಗಿದಿರುತ್ತೆ, ನೆಲದ ಹಸಿಯಲ್ಲೂ ಇಬ್ಬನಿಯಲ್ಲೂ ಕಾಯಿ ಕಟ್ಟುತ್ತೆ. ಅತ್ಲಾಗೆ ಕಣದಲ್ಲಿ ಹೊಸ ರಾಗಿ, ಇತ್ಲಾಗೆ ಹೊಲದಲ್ಲಿ ಅವರೆ. ಹೊಸ ರಾಗಿ ಮುದ್ದೆಗೆ ಇದುಕುಬೇಳೆ ಸಾರು ಜೊತೆಯಾಗಿದ್ದು ಯಾರೋ ಅಡುಗೆ ಪ್ರವೀಣರು ಯೋಚಿಸಿ ಮಾಡಿದ್ದಲ್ಲ. ಹೊಲದಲ್ಲಿ ಒಟ್ಟಿಗಿದ್ದವು ತಟ್ಟೆಗೂ ಒಟ್ಟಿಗೆ ಬಂದವು.

ಎಷ್ಟು ಹಳೇ ಪದ್ಧತಿ ಇದು? 1800ರಲ್ಲಿ, ಟಿಪ್ಪು ಸತ್ತ ಮಾರನೇ ವರ್ಷ, ಫ್ರಾನ್ಸಿಸ್ ಬುಕನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯ ಕಂಪನಿ ಸರ್ಕಾರದ ಹುಕುಂ ಮೇಲೆ ಮದರಾಸಿನಿಂದ ಹೊರಟು ಬೆಂಗಳೂರಿಗೆ ಬಂದ. ಊರೂರು ತಿರುಗಿ ಯಾರು ಏನು ಬೆಳೀತಾರೆ, ಹೆಂಗೆ ಬಿತ್ತುತ್ತಾರೆ ಅಂತ ಕೇಳಿ ಬರ್ಕೊಂಡ. 1807ರಲ್ಲಿ ಮೂರು ಸಂಪುಟದ ಪುಸ್ತಕವಾಗಿ ಅಚ್ಚಾಯ್ತು. ಬೆಂಗಳೂರು ಸುತ್ತಿನ ರಾಗಿ ಹೊಲದಲ್ಲಿ ಸಾಲಿನ ಮಧ್ಯೆ ಅವರೆ, ತೊಗರಿ ಬಿತ್ತೋದನ್ನ ಅವನು ಬರೆದಿದ್ದಾನೆ. ನಮ್ಮಜ್ಜಿ ಸಡ್ಡೆ ಹಿಡಿದು ನಡೆದದ್ದೂ ಅದೇ ಲೆಕ್ಕವೇ. ಇನ್ನೂ ಹಿಂದಕ್ಕೆ ಹೋದ್ರೆ ಅವರೆಗೂ ರಾಗಿಗೂ ತವರು ಒಂದೇ, ಆಫ್ರಿಕಾ. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳನ್ನ ಅಗೆದಾಗ ಸುಟ್ಟು ಕರಕಲಾದ ಅವರೆಕಾಳು ಸಿಕ್ಕಿವೆ. ಅಂದ್ರೆ ಮೂರು ಸಾವಿರ ವರ್ಷಕ್ಕಿಂತ ಹೆಚ್ಚು.

ಇಲ್ಲಿ ಯಾರಾದ್ರೂ "ಬೆಂದಕಾಳೂರು" ಕಥೆ ತೆಗೀತಾರೆ ಅಂತ ಗೊತ್ತು. ವೀರಬಲ್ಲಾಳ ಬೇಟೇಲಿ ದಾರಿ ತಪ್ಪಿದ, ಮುದುಕಿ ಬೇಯಿಸಿದ ಕಾಳು ಕೊಟ್ಟಳು, ಊರಿಗೆ ಆ ಹೆಸರು ಬಂತು ಅನ್ನೋದು. ಕೇಳೋಕೆ ಚೆಂದ. ಆದರೆ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಅನ್ನೋ ಹೆಸರು ಸುಮಾರು 890ರ ಹೊತ್ತಿಗೇ ಇದೆ, ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದೆ. ಮುದುಕಿ ಕಾಳು ಕೊಟ್ಟಿದ್ದರೂ ಊರಿಗೆ ಹೆಸರು ಆಗಲೇ ಇತ್ತು. ನಮ್ಮ ಹೆಬ್ಬಾಳ ಅದಕ್ಕೂ ಹಳೇದು. 2018ರಲ್ಲಿ ಅಲ್ಲಿ ಮೋರಿ ಪಕ್ಕದ ಮಣ್ಣಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲ. ಅದರಲ್ಲಿ ಪೆರ್ಬೊಳಲು ನಾಡು ಅಂತಿದೆ. ಪೆರ್ಬೊಳಲು ಅಂದ್ರೆ ದೊಡ್ಡ ಊರು, ಸವೆದು ಸವೆದು ಹೆಬ್ಬಾಳ.

ಹುಡುಗ ಕೇಳಿದ ಪ್ರಶ್ನೆಗೆ ಬರ್ತೀನಿ. ಅವರೆ ಯಾಕೆ ಡಿಸೆಂಬರ್‌ನಲ್ಲೇ ಬರ್ತಿತ್ತು?

ನಾಟಿ ಅವರೇನ ಜೂನ್‌ನಲ್ಲಿ ಬಿತ್ತಿ, ಆಗಸ್ಟ್‌ನಲ್ಲಿ ಬಿತ್ತಿ, ಹೂವಾಗೋದು ಹೆಚ್ಚುಕಮ್ಮಿ ಒಂದೇ ಕಾಲಕ್ಕೆ. ಜೂನ್‌ನಲ್ಲಿ ಬಿತ್ತಿದ್ದು ಬಳ್ಳಿ ಜಾಸ್ತಿ ಹಬ್ಬುತ್ತೆ ಅಷ್ಟೆ. ನಮ್ಮಪ್ಪ ಇದನ್ನ "ಅವರೆಗೆ ಪಂಚಾಂಗ ಗೊತ್ತು" ಅಂತಿದ್ರು. ಅದು ಮಾತಿಗೆ ಹೇಳಿದ್ದಾದ್ರೂ ವಿಷಯ ನಿಜ. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಅನ್ನೋ ಇಬ್ಬರು ಹೊಗೆಸೊಪ್ಪಿನ ಒಂದು ತಳಿ ಯಾಕೆ ಬೇಸಿಗೇಲಿ ಹೂ ಬಿಡಲ್ಲ ಅಂತ ಹುಡುಕ್ತಾ ಹೋಗಿ, ಗಿಡ ಹಗಲಿನ ಉದ್ದ ಅಳೆಯುತ್ತೆ ಅಂತ ತೋರಿಸಿದ್ರು. ಅದು ನಿಜವಾಗಿ ಅಳೆಯೋದು ರಾತ್ರಿಯನ್ನ ಅಂತ ಆಮೇಲೆ ಗೊತ್ತಾಯ್ತು. ನಮ್ಮ ಬೆಂಗಳೂರಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ನಮಗೆ ಗೊತ್ತೇ ಆಗಲ್ಲ. ಅವರೆಗೆ ಗೊತ್ತಾಗುತ್ತೆ. ರಾತ್ರಿ ಉದ್ದ ಆಗ್ತಾ ಬಂದಾಗ್ಲೇ ಮೊಗ್ಗು. ಹಂಗಾಗಿ ಇಡೀ ಸೀಮೆಯ ಅಡುಗೆಮನೆಗೆ ಒಂದೇ ಸಲ ಅವರೆ ಬರೋದು, ಒಂದೇ ಸಲ ಮುಗಿಯೋದು.

ಆ ಎರಡು ತಿಂಗಳಲ್ಲಿ ಒಂದು ಕ್ರಮ ಇತ್ತು. ಮೊದಲು ಎಳೇ ಕಾಯಿ, ಸಿಪ್ಪೆ ಸಮೇತ ಪಲ್ಯ. ಆಮೇಲೆ ಹಸಿಕಾಳು, ಉಪ್ಪಿಟ್ಟಿಗೆ, ಅಕ್ಕಿರೊಟ್ಟಿಗೆ, ಹುಳಿಗೆ. ಕಾಳು ಬಲಿತ ಮೇಲೆ ಇದುಕುಬೇಳೆ. ಸಂಕ್ರಾಂತಿಗೆ ಗೆಣಸು, ಕಡಲೆಕಾಯಿ ಜೊತೆ ಇಡೀ ಅವರೆಕಾಯಿ ಉಪ್ಪು ಹಾಕಿ ಬೇಯಿಸಿ ತಿನ್ನೋದು. ಸೊಗಡು ಇರೋದು ಸಿಪ್ಪೇಲಿ ಆದ್ದರಿಂದ ಅದರ ಪೂರ್ತಿ ರುಚಿ ಸಿಗ್ತಿದ್ದಿದ್ದು ಆ ಒಂದು ದಿನ. ಕೊನೇಗೆ ಒಣಗಿದ ಕಾಳು. ಇದುಕಿ ಒಣಗಿಸಿದ ಬೇಳೇನ ಎಣ್ಣೇಲಿ ಕರಿದು ಕರಿಬೇವು, ಖಾರದಪುಡಿ, ಇಂಗು ಬೆರೆಸಿ ಅವ್ವ ಬಿಸ್ಕತ್ತು ಡಬ್ಬಕ್ಕೆ ತುಂಬಿ ಅಟ್ಟದ ಮೇಲಿಡೋಳು. ನೆಂಟರು ಬಂದ್ರೆ ಮಾತ್ರ ಇಳಿಯೋದು. ನಾನೂ ಅಕ್ಕನೂ ಏಣಿ ಇಲ್ಲದೆ ಅಟ್ಟ ಹತ್ತೋದು ಕಲಿತಿದ್ದು ಆ ಡಬ್ಬದಿಂದ.

ಈಗ ಹೆಬ್ಬಾಳ. 1899ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗರಾಗಿದ್ದಾಗ, ರಾಜ್ಯ ನೋಡ್ಕೊಳ್ತಿದ್ದ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಳೆ ಪ್ರಯೋಗಕ್ಕೆ ಅಂತ 30 ಎಕರೆ ಜಮೀನೂ ದುಡ್ಡೂ ಕೊಟ್ಟರು. ಲೆಹ್‌ಮನ್ ಅನ್ನೋ ವಿಜ್ಞಾನಿ ಕೆಲಸ ಶುರು ಮಾಡಿದ. ಆಮೇಲೆ ಕೆನಡಾದ ಲೆಸ್ಲಿ ಕೋಲ್ಮನ್ ಬಂದು, 1913ರಲ್ಲಿ ಅಲ್ಲಿ ಕೃಷಿ ಶಾಲೆ ತೆಗೆದ, ರಾಗಿ ತಳಿ ಆಯ್ಕೆ ಕೆಲಸಾನೂ ಅವನ ಕಾಲದ್ದೇ. 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾಲಯ, ಆಮೇಲೆ ಜಾಗ ಸಾಲದೆ ಯಲಹಂಕ ದಾರೀಲಿ ಜಿಕೆವಿಕೆ. ರಾಗಿಯ ಕಥೆ ಎಲ್ಲರಿಗೂ ಗೊತ್ತು, ಲಕ್ಷ್ಮಣಯ್ಯನವರು ನಮ್ಮ ರಾಗೀನ ಆಫ್ರಿಕಾ ರಾಗಿ ಜೊತೆ ಬೆರೆಸಿ ಇಂಡಾಫ್ ತಳಿಗಳನ್ನ ಕೊಟ್ಟರು, ಅವರ ಬಗ್ಗೆ ಹಿಂದೆ ಒಂದು ಟಿಪ್ಪಣಿ ಬರೆದಿದ್ದೆ. ಅವರೆಯ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ.

ಹೆಬ್ಬಾಳದವರು ಅವರೆಗೆ ಮಾಡಿದ್ದು ಏನಂದ್ರೆ, ಅದರಿಂದ ಪಂಚಾಂಗ ಕಿತ್ಕೊಂಡಿದ್ದು. ರಾತ್ರಿ ಉದ್ದವೋ ಗಿಡ್ಡವೋ ನೋಡದೆ, ಬಿತ್ತಿದ ಇಷ್ಟು ದಿನಕ್ಕೆ ಹೂ ಬಿಡೋ ಗಿಡಗಳನ್ನ ಹುಡುಕಿ, ಬೆರೆಸಿ, ಆರಿಸಿ ಹೆಬ್ಬಾಳ ಅವರೆ ತಳಿಗಳನ್ನ ತೆಗೆದ್ರು. ನಮ್ಮ ಕಡೆ ನೆಲೆ ನಿಂತಿದ್ದು 3, ಆಮೇಲೆ 4. ಬಳ್ಳಿ ಹಬ್ಬಲ್ಲ, ಪೊದೆಯಾಗಿ ನಿಲ್ಲುತ್ತೆ, ಎರಡೂವರೆ ತಿಂಗಳೊಳಗೆ ಹಸಿಕಾಯಿ ಕೀಳಬಹುದು. ನೀರಿದ್ರೆ ಯಾವ ತಿಂಗಳಾದ್ರೂ ಸರಿ. ಕೊಳವೆ ಬಾವಿ ಕೊರೆಸಿ, ಬೆಂಗಳೂರಿನ ತರಕಾರಿ ಮಾರ್ಕೆಟ್ ನಂಬಿಕೊಂಡ ನಮ್ಮಂಥೋರಿಗೆ ಹೇಳಿ ಮಾಡಿಸಿದ ಗಿಡ.

ಅಪ್ಪ ಹೆಬ್ಬಾಳ ಅವರೆ-3ರ ಬೀಜ ತಂದಿದ್ದು ನಾನು ಹೈಸ್ಕೂಲಲ್ಲಿದ್ದಾಗ. ಜನವರೀಲಿ ಬಾವಿ ಪಕ್ಕದ ಕಾಲು ಎಕರೇಲಿ ಬಿತ್ತಿ ಏಪ್ರಿಲ್‌ಗೆ ಕಾಯಿ ಕಿತ್ತರು. ಅವ್ವ ಮೊದಲು ನಂಬಲೇ ಇಲ್ಲ. "ಬ್ಯಾಸ್ಗೇಲಿ ಅವ್ರೆಕಾಯಿ ತಿಂತೀರ, ನಾಳೆ ಕಾರ್ತೀಕದಾಗೆ ಮಾವಿನ್ಹಣ್ಣು ಕೇಳ್ತೀರ" ಅಂತ ನಕ್ಕಳು. ಆದರೆ ಅದೇ ಅವ್ವ ಕೆಲವು ವರ್ಷದ ಮೇಲೆ ಅದೇ ಬೇಸಿಗೆ ಅವರೆಗೆ ಕಾಯ್ತಿದ್ದಳು. ಅಕ್ಕನ್ನ ಪುಣೆಗೆ ಕೊಟ್ಟಿದ್ವಿ. ಮಕ್ಕಳ ಇಸ್ಕೂಲು ರಜ ಮೇ ತಿಂಗಳಲ್ಲಿ ಮಾತ್ರ, ಡಿಸೆಂಬರ್‌ನಲ್ಲಿ ಬರೋಕಾಗ್ತಿರ್ಲಿಲ್ಲ. ಮದುವೆಯಾಗಿ ಆರು ವರ್ಷ ಅವಳು ತವರಿನ ಇದುಕುಬೇಳೆ ಸಾರು ತಿಂದಿರಲಿಲ್ಲ. ಏಳನೇ ವರ್ಷ ಮೇ ತಿಂಗಳಲ್ಲಿ ಅವಳು ಬಂದಿಳಿದ ದಿನ ಅವ್ವ ಆ ಸೆಕೇಲಿ ಕೂತು ಎರಡು ಸೇರು ಕಾಳು ಇದುಕಿದ್ದಳು. ಅಕ್ಕ ಒಂದು ತುತ್ತು ನುಂಗಿ ತಟ್ಟೆ ನೋಡ್ತಾ ಸುಮ್ನೆ ಕೂತಳು. ಭಾವ ಖಾರ ಜಾಸ್ತಿ ಆಯ್ತೇನೋ ಅಂದ್ಕೊಂಡ್ರು.

ಅದಕ್ಕೇ, ಹೈಬ್ರೀಡು, ಫಾರಂ ತಳಿ ಅಂತ ಬೈಯೋರ ಜೊತೆ ನಾನು ಸೇರಲ್ಲ. ಸೀಸನ್ ಇಲ್ಲದಾಗ ಕಾಯಿ ತಗೊಂಡು ಹೋದ್ರೆ ಡಿಸೆಂಬರ್‌ಗಿಂತ ಒಳ್ಳೆ ರೇಟು ಸಿಗ್ತಿತ್ತು. ನನ್ನ ಪಿಯುಸಿ ಫೀಸು, ಅಪ್ಪನ ಕಣ್ಣಿನ ಆಪರೇಷನ್ನು ಆ ದುಡ್ಡಲ್ಲೇ ಆಗಿದ್ದು. (ಕಾಯಿಕೊರಕದ ಕಾಟ ಬೇಸಿಗೇಲಿ ಬೇರೆ ಥರ, ಔಷಧಿ ಜಾಸ್ತಿ ಹೊಡೀಬೇಕಾಗ್ತಿತ್ತು. ಅದು ಬೇರೆ ಪುರಾಣ.)

ಕಳೆದು ಹೋಗಿದ್ದು ಹೆಂಗೆ ಅಂತ ಹೇಳ್ತೀನಿ. ಯಾರೂ ಬೇಕಂತ ಕಳೀಲಿಲ್ಲ. ನಾಟಿ ಅವರೆ ಬೀಜ ಅಜ್ಜಿ ಕಾಲದಿಂದ ಮನೇಲೇ ಇತ್ತು, ಕೆಮ್ಮಣ್ಣು ಕಟ್ಟಿ ಒಣಗಿಸಿ ಮಡಕೇಲಿ ಇಡೋರು. ಆಮೇಲೆ ರಾಗಿ ಕುಯ್ಯೋಕೆ ಆಳು ಸಿಗಲಿಲ್ಲ. ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ನಮ್ಮ ಕಡೆ ಹುಡುಗರು ಹೊಲಕ್ಕಿಳಿಯೋದೇ ನಿಂತುಹೋಯ್ತು. ಕೊಯ್ಲು ಮೆಷಿನ್ ಬಂತು, ಗಂಟೆ ಲೆಕ್ಕ. ಮೆಷಿನ್ ಡ್ರೈವರು ಹೊಲ ನೋಡಿ, "ಮಧ್ಯೆ ಬಳ್ಳಿ ಇದ್ರೆ ಸುತ್ಕೊಳುತ್ತೆ ಅಣ್ಣ, ಬರೀ ರಾಗಿ ಇದ್ರೆ ಕರೀರಿ" ಅಂದ. ಮುಂದಿನ ವರ್ಷ ಅಕ್ಕಡಿ ಬಿಟ್ವಿ. ಬುಕನನ್ ನೋಡಿದ ಸಾಲು ನಮ್ಮ ಹೊಲದಲ್ಲಿ ನಿಂತಿದ್ದು ಹಂಗೆ, ಗದ್ದಲ ಇಲ್ಲದೆ, ಬಾಡಿಗೆ ಮಾತಾಡ್ತಾ. ಹೆಂಗೂ ಹೆಬ್ಬಾಳ ಅವರೆ ಪ್ಯಾಕೆಟ್ಟಲ್ಲಿ ಸಿಗುತ್ತಲ್ಲ ಅಂತ ಮಡಕೆ ಕಡೆ ಯಾರೂ ನೋಡಲಿಲ್ಲ. ಅವರೆ ಬೀಜ ಬಹಳ ವರ್ಷ ಇಟ್ಟರೆ ಮೊಳಕೆ ಬರಲ್ಲ. ಮೂರು ವರ್ಷದ ಮೇಲೆ ತೆಗೆದು ನೋಡಿದ್ರೆ ಅರ್ಧ ಹುಳ ತಿಂದಿತ್ತು. ಉಳಿದಿದ್ದನ್ನ ಒದ್ದೆ ಬಟ್ಟೇಲಿ ಕಟ್ಟಿಟ್ಟೆ. ಒಂದೂ ಮೊಳೀಲಿಲ್ಲ. ಅವ್ವ ಏನೂ ಅನ್ನಲಿಲ್ಲ, ಮಡಕೆ ತೊಳೆದು ಉಪ್ಪಿನಕಾಯಿಗೆ ಇಟ್ಕೊಂಡಳು.

ಗೊತ್ತಾಗಿದ್ದು ಆ ಡಿಸೆಂಬರ್‌ನಲ್ಲಿ. ಹೆಬ್ಬಾಳ ಅವರೇನ ಸರಿಯಾದ ಕಾಲಕ್ಕೇ ಬರೋ ಹಾಗೆ ಬಿತ್ತಿದ್ವಿ. ಸಾರು ಕುದೀತು, ಬಣ್ಣ ಸರಿ, ಖಾರ ಸರಿ. ನನ್ನ ಮಗಳು ಬಿಡಿಸಿ ಎದ್ದವಳ ಕೈ ಮೂಸಿ ನೋಡಿದೆ. ಇತ್ತು, ಆದರೆ ತೆಳ್ಳಗೆ, ಪಕ್ಕದ ಬೀದಿಯಿಂದ ಬಂದ ಹಾಗೆ. ಸೊಗಡು ಅನ್ನೋದು ಇಬ್ಬನಿಯಿಂದ ಬೀಳುತ್ತೆ ಅಂತ ನಮ್ಮ ಹಿರಿಯರು. ವಿಜ್ಞಾನಿಗಳು ಆ ಜಿಡ್ಡನ್ನ ತೆಗೆದು ನೋಡಿ ಅದರಲ್ಲಿ ಇಂಥಿಂಥ ಕೊಬ್ಬಿನಾಮ್ಲಗಳಿವೆ ಅಂತ ಹೇಳಿದ್ದಾರೆ. ಚಳಿಯದ್ದೂ ಪಾಲಿದೆ, ತಳಿಯದ್ದೂ ಪಾಲಿದೆ. ತಳಿ ಆರಿಸೋವಾಗ ಯಾರೂ ಮೂಗನ್ನ ಮರೆತರು ಅಂತ ನಾನು ಹೇಳಲ್ಲ. ನಾವು ಕೇಳಿದ್ದೇ ಬೇಗ ಬರೋದು, ತೂಕ ಬರೋದು. ಮಂಡೀಲಿ ತಕ್ಕಡಿಗೆ ವಾಸನೆ ಹತ್ತಲ್ಲ.

ಅಷ್ಟು ಹೊತ್ತಿಗೆ ನನ್ನ ಹೆಂಡತಿ ಹೆಬ್ಬಾಳದಿಂದ ಇನ್ನೊಂದು ವಿದ್ಯೆ ಕಲಿತು ಬಂದಿದ್ದಳು. ಅಲ್ಲಿ ಹಳೇ ಕ್ಯಾಂಪಸ್ಸಲ್ಲಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಇದೆ, ಬ್ರೆಡ್ಡು, ಬನ್ನು, ಕೇಕು ಹೇಳಿಕೊಡ್ತಾರೆ. ಬೇಕರಿ ಇಡೋರಷ್ಟೇ ಅಲ್ಲ, ಮನೆ ಹೆಂಗಸರೂ ಹೋಗ್ತಾರೆ. ನಮ್ಮ ಮನೇಲಿ ಅಲ್ಲಿವರೆಗೆ ಕೇಕ್ ಅಂದ್ರೆ ಕುಕ್ಕರಲ್ಲಿ ಮರಳು ಹಾಕಿ, ವಿಶಲ್ಲೂ ಗ್ಯಾಸ್ಕೆಟ್ಟೂ ತೆಗೆದು ಮಾಡ್ತಿದ್ದ ಒಂದು ಕಂದು ಮುದ್ದೆ. ಓವನ್ ಬಂತು. ಮಕ್ಕಳ ಹುಟ್ಟಿದ ಹಬ್ಬಕ್ಕೆ ರಾಗಿಹಿಟ್ಟು ಅರ್ಧ, ಗೋಧಿಹಿಟ್ಟು ಅರ್ಧ ಹಾಕಿ ಬೆಲ್ಲದ ಕೇಕು. ರಾಗೀಲಿ ಗೋಧಿಯ ಜಿಗುಟಿಲ್ಲ, ಬರೀ ರಾಗಿ ಹಾಕಿದ್ರೆ ಉದುರುತ್ತೆ, ಅದಕ್ಕೆ ಅರ್ಧರ್ಧ. ಒಂದು ವರ್ಷ ಖಾರಾ ಬಿಸ್ಕತ್ತಿನ ಹಿಟ್ಟಿಗೆ ಅವ್ವನ ಡಬ್ಬದ ಕರಿದ ಅವರೆಬೇಳೆ ಜಜ್ಜಿ ಸೇರಿಸಿದಳು, ಕರಿಬೇವು, ಹಸಿಮೆಣಸಿನಕಾಯಿ ಸಹ. ಮಕ್ಕಳು ತಟ್ಟೆ ಖಾಲಿ ಮಾಡಿದ್ರು. ಅವ್ವ ಎರಡು ತಿಂದು, "ಚೆನ್ನಾಗೈತೆ ಕಣಮ್ಮ. ಅವ್ರೆ ಐತೆ ಅಂತ ನೀನು ಹೇಳಿದ್ಕೆ ಗೊತ್ತಾಯ್ತು" ಅಂದಳು. ಹೆಂಡತಿ ಆ ರಾತ್ರಿ ನನಗೆ ಹೇಳಿದಳು: "ರೀ, ಅತ್ತೆ ಬಿಸ್ಕತ್ತನ್ನ ಅಂದಿದ್ದಲ್ಲ. ಬೀಜ ಹುಡುಕ್ರೀ."

ಹುಡುಕೋಕೆ ಎರಡು ವರ್ಷ ಆಯ್ತು. ನಮ್ಮ ಸುತ್ತ ಐದಾರು ಊರಲ್ಲಿ ಇಲ್ಲ. ಕೊನೇಗೆ ಮಾಗಡಿ ಕಡೆ ನೆಂಟರ ಮನೇಲಿ, ಇನ್ನೂ ಕೈಯಲ್ಲೇ ರಾಗಿ ಕುಯ್ಯೋ ಮನೆ ಅದು, ಒಂದು ಸೇರು ಸಿಕ್ತು. ಕಾಳು ಒಂದೇ ಥರ ಇಲ್ಲ, ಕೆಲವು ಕಂದು, ಕೆಲವು ಬಿಳಿ, ಚಿಕ್ಕದು ದೊಡ್ಡದು. ನಮ್ಮಜ್ಜಿ ಬೀಜವೇ ಅದು ಅಂತ ಹೇಳೋಕಾಗಲ್ಲ. ಈ ಆಗಸ್ಟ್ ಮೊದಲ ವಾರ ರಾಗಿ ಮಧ್ಯೆ ಬಿಡದೆ ಬದು ಪಕ್ಕ ಸುತ್ತ ಒಂದು ಸಾಲು, ಪಶ್ಚಿಮದ ಕಡೆ ಎರಡು ಸಾಲು ಬಿತ್ತಿದೆ. ಮೆಷಿನ್ ತಿರುಗೋಕೂ ಜಾಗ ಉಳಿಯುತ್ತೆ. ಸೆಪ್ಟೆಂಬರ್ ಪೂರ್ತಿ ಬರೀ ಎಲೆ. ಅಕ್ಟೋಬರ್‌ನಲ್ಲೂ ಎಲೆ. ಪಕ್ಕದ ಹೊಲದೋರು "ಏನಣ್ಣ, ದನಕ್ಕೆ ಹಾಕಿದೀರಾ" ಅಂದ್ರು. ಈಗ ಹತ್ತು ದಿನದಿಂದ ಹೂ, ನೇರಳೆ ಒಂದಿಷ್ಟು, ಬಿಳಿ ಒಂದಿಷ್ಟು. ನಿನ್ನೆ ಅವ್ವನ್ನ ಸ್ಕೂಟರಲ್ಲಿ ಕೂರಿಸ್ಕೊಂಡು ಹೋಗಿ ತೋರಿಸಿದೆ. ಬೆರಳುದ್ದದ ಎಳೇ ಕಾಯಿ ಒಂದನ್ನ ಕಿತ್ತು ಉಗುರಲ್ಲಿ ಗೀರಿ ಮೂಗಿಗೆ ಹಿಡಿದಳು. "ಈಗ್ಲೇ ಏನ್ ಗೊತ್ತಾಗ್ತೈತೆ, ಇಬ್ನಿ ಬೀಳ್ಲಿ ತಡಿ" ಅಂದಳು. ಆದರೆ ಆ ಕಾಯಿ ಬಿಸಾಕಲಿಲ್ಲ, ಸೆರಗಿನ ತುದೀಲಿ ಕಟ್ಕೊಂಡಳು.

ಪಶ್ಚಿಮದ ಎರಡು ಸಾಲು ಈ ಸಲ ಕೀಳಲ್ಲ, ಬೀಜಕ್ಕೆ ಬಿಡ್ತೀನಿ. ಹೆಬ್ಬಾಳ ಅವರೇನ ಅದರ ಹತ್ರ ಹಾಕಿಲ್ಲ, ಬೆರಕೆ ಆಗದಿರಲಿ ಅಂತ. ಫೆಬ್ರವರಿ ಹೊತ್ತಿಗೆ ಒಣಗುತ್ತೆ. ಬೇಕಾದೋರು ಮೆಸೇಜ್ ಹಾಕಿ, ತಲೆಗೆ ಎರಡು ಹಿಡಿ. ಕೊರಿಯರ್ ಎಲ್ಲಾ ನನ್ನ ಕೈಲಾಗಲ್ಲ, ಬಂದು ತಗೊಂಡು ಹೋಗಿ. ಸಹಕಾರನಗರದ ಹುಡುಗ ಇದನ್ನ ಓದ್ತಿದ್ರೆ, ನಿಮ್ಮಮ್ಮನ್ನೂ ಕರ್ಕೊಂಡು ಬಾಪ್ಪ. ಟೆರೇಸ್ ಮೇಲೆ ಹಾಕೋದಾದ್ರೆ ದೊಡ್ಡ ಕುಂಡ, ಹಬ್ಬೋಕೆ ದಾರ ಬೇಕು. ರಾತ್ರಿ ಹೊತ್ತು ಅಲ್ಲಿ ಲೈಟು ಉರಿಯೋ ಹಾಗಿದ್ರೆ ಆರಿಸಿಡು, ಬೆಳಕು ಬಿದ್ರೆ ಅದಕ್ಕೆ ಲೆಕ್ಕ ತಪ್ಪುತ್ತೆ, ಹೂ ಬಿಡಲ್ಲ.